ಕೊನೆಯ ದ್ವೀಪದ ಈಚೆ

ಎಡಗಡೆಯ ಕೋರೆಹಲ್ಲನ್ನು ಬಲಗಡೆ ಕೂರಿಸಿಬಿಟ್ಟಿದ್ದೇನೆ ಎಂದು ಅವನಿಗೆ ಗೊತ್ತಾದದ್ದು ಪಾಲಿಶ್ ಮಾಡುವ ಹೆಂಗಸು ಕಿಸಕ್ಕನೆ ನಕ್ಕಾಗ. "ಏನ್ ಸಾರ್ ಇದು, ಈ ಯಜಮಾನ್ರು ಇದನ್ನ ಹಾಕ್ಕೊಂಡು ಯಾರನ್ನ ಹೆದರಿಸ್ಬೇಕು?" ಎನ್ನುತ್ತ ಅವಳು ಮೇಣದ ದವಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆಚೀಚೆ ತಿರುಗಿಸಿದಳು. ಹಲ್ಲಿನ ಸೆಟ್ ತಯಾರಿಸುವ ಈ ಕೋಣೆಯಲ್ಲಿ ಅವನೇ ಎಲ್ಲರಿಗಿಂತ ಹಳಬ. ಉಳಿದವರ ತಪ್ಪು ಹುಡುಕುವುದು ಅವನ ಕೆಲಸ. ಅವನ ತಪ್ಪು ಹುಡುಕುವ ಕೆಲಸವನ್ನು ಇದುವರೆಗೆ ಯಾರಿಗೂ ವಹಿಸಿಕೊಡಬೇಕಾಗಿ ಬಂದಿರಲಿಲ್ಲ. ಕಿವಿ ಬಿಸಿಯಾಯಿತು. ಸ್ಪಿರಿಟ್ ದೀಪ ಹಚ್ಚಿ, ಚಾಕುವಿನ ತುದಿ ಕಾಯಿಸಿ, ಮೇಣ ಕರಗಿಸಿ, ಹಲ್ಲನ್ನು ಕಿತ್ತು ಕೈಗೆ ತೆಗೆದುಕೊಂಡ. "ತಲೆ ಎಲ್ಲಿಟ್ಟಿದ್ದೀರಿ ಇವತ್ತು?" ಎಂದಳು ಅವಳು. ತಲೆ ಮನೆಯಲ್ಲಿತ್ತು. ಬೆಳಿಗ್ಗೆ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಬಾಯಿಯಲ್ಲಿ ಬ್ರಷ್ ಇಟ್ಟುಕೊಂಡು ಎಲ್ಲಿ ನಿಂತಿತ್ತೋ ಅಲ್ಲೇ ಇನ್ನೂ ನಿಂತಿತ್ತು.

ಕದ್ದು ಕೇಳುವ ಬುದ್ಧಿ ಅವನದಲ್ಲ. ಉಗುಳಲು ಹೋಗಬೇಕಾದವನು ಹೆಂಡತಿಯ ಮಾತು ಕಿವಿಗೆ ಬಿದ್ದು ನಿಂತುಬಿಟ್ಟಿದ್ದ, ಅಷ್ಟೆ. ಅವಳು ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ತನ್ನ ಅಕ್ಕನ ಜೊತೆ ಮಾತಾಡುತ್ತಿದ್ದಳು. "ಇಲ್ಲ ಅಕ್ಕ, ಇವತ್ತಿಂದ ನಾನು ಪಕ್ಕದಲ್ಲಿ ಕೂರಲ್ಲ. ನಾನು ಸುಮ್ನಿರಲ್ಲ ನೋಡು, ಎಲ್ಲದಕ್ಕೂ ಬಾಯಿ ಹಾಕ್ತೀನಿ. ಅದಕ್ಕೇ ಅವರು ಎಲ್ಲಾ ಆಟನೂ ಇನ್ನೇನು ಮುಗೀತು ಅನ್ನೋವಾಗ ಬಿಟ್ಟುಬಿಡೋದು. ಪಾಪ, ಬಾಯಿಬಿಟ್ಟು ಹೇಳಲ್ಲ. ಒಬ್ಬರೇ ನೆಮ್ಮದಿಯಾಗಿ ಆಡ್ಕೊಳ್ಳಲಿ, ಒಂದಾದ್ರೂ ಮುಗಿಸಲಿ." ಬೇರೆ ಯಾವ ಮಾತೂ ಅಷ್ಟು ಚುಚ್ಚಲಿಲ್ಲ. ಆ 'ಪಾಪ' ಚುಚ್ಚಿತು. ಪೇಸ್ಟಿನ ನೊರೆ ಗಲ್ಲಕ್ಕಿಳಿದು ಅಂಗಿಯ ಮೇಲೆ ಬಿತ್ತು. ಅವನು ಬಚ್ಚಲಿಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟು, ತಾನೇನೂ ಕೇಳಲಿಲ್ಲ ಎಂದು ಮನೆಗೆಲ್ಲ ಸಾರುವಂತೆ ಗಟ್ಟಿಯಾಗಿ ಕ್ಯಾಕರಿಸಿದ.

ಅವಳು ಪಕ್ಕದಲ್ಲಿ ಕೂರುವುದಿಲ್ಲವಂತೆ. ಹಲ್ಲನ್ನು ಸರಿಯಾದ ಜಾಗದಲ್ಲಿ ಕೂರಿಸಿ, ಸುತ್ತ ಬಿಸಿ ಮೇಣ ಹನಿಸುತ್ತ, ಈ ವಾಕ್ಯವನ್ನು ಮತ್ತೆ ಮತ್ತೆ ಒಳಗೇ ಅಗಿದ. ಹೊರಗಿನವರಿಗೆ ಹೇಳಿದರೆ ನಕ್ಕಾರು. ನಡುವಯಸ್ಸು ದಾಟಿದ ಗಂಡಸು, ಸಂಜೆ ಮನೆಗೆ ಬಂದು ಟಿವಿಗೆ ವಿಡಿಯೋ ಗೇಮ್ ಸಿಕ್ಕಿಸಿಕೊಂಡು ಕೂರುತ್ತಾನೆ, ಹೆಂಡತಿ ಬಲಗಡೆ ಕಾಲು ಮಡಚಿಕೊಂಡು ಕೂತು ಕಿತ್ತಳೆ ಹಣ್ಣು ಸುಲಿಯುತ್ತಾಳೆ. ಅವನ ಎರಡು ಕೈಯೂ ಗುಂಡಿಗಳ ಮೇಲಿರುವುದರಿಂದ ತೊಳೆಯ ಬೀಜ ತೆಗೆದು ಬಾಯಿಗೆ ಹಾಕುತ್ತಾಳೆ. ಹಾಕುತ್ತ, "ಅಲ್ಲಿ ಹೋಗ್ಬೇಡಿ, ಅಲ್ಲಿ ನಾಯಿ ಇದೆ," ಎನ್ನುತ್ತಾಳೆ. "ಮೊನ್ನೆ ಆ ಮುದುಕನಿಗೆ ಸೌದೆ ತಂದುಕೊಡ್ತೀನಿ ಅಂದಿದ್ರಿ, ಮರೆತೇಬಿಟ್ರಾ?" ಎನ್ನುತ್ತಾಳೆ. "ಆ ಮುದುಕಂಗೂ ಪಕ್ಕದ್ಮನೆ ಹೆಂಗಸಿಗೂ ಏನೋ ಇದೆ, ನೋಡ್ತಾ ಇರಿ," ಎನ್ನುತ್ತಾಳೆ. ಆಟದಲ್ಲಿ ಆ ಮುದುಕ ಹಾಗೆ ಅನ್ನಿಸುವಂಥ ಒಂದು ಮಾತನ್ನೂ ಆಡಿರುವುದಿಲ್ಲ. ಇವಳಿಗೆ ಎಲ್ಲಿಂದ ಹೊಳೆಯುತ್ತದೋ! ಹಗಲೆಲ್ಲ ಅವರಿಬ್ಬರೂ ಆಡುವ ಮಾತೆಂದರೆ ಗ್ಯಾಸ್ ಬಂತೇ, ಬಲ್ಬ್ ತಂದಿರೇ, ಮೊಣಕಾಲು ಹೇಗಿದೆ. ಲೋಕದ ಬಗ್ಗೆ ಅವರು ಒಟ್ಟಿಗೆ ಮಾತಾಡುವುದು ಆ ಸೋಫಾದ ಮೇಲೆ ಮಾತ್ರ. ಅದು ಹೋದರೆ ಸಂಜೆ ಎಂಬುದರಲ್ಲಿ ಏನುಳಿಯುತ್ತದೆ?

ಆಟಗಳನ್ನು ನಡುವೆ ಬಿಡುವುದಕ್ಕೆ ಅವನ ಬಳಿ ಕಾರಣಗಳಿಗೇನೂ ಬರಗಾಲವಿರಲಿಲ್ಲ. ಟಿವಿಯ ಕೆಳಗಿನ ಖಾನೆ ತುಂಬ ಮುಗಿಯದ ಆಟಗಳ ಡಿಸ್ಕುಗಳು. ಒಂದನ್ನು ವಿಪರೀತ ಉದ್ದ ಎಂದು ಬಿಟ್ಟ. ಇನ್ನೊಂದನ್ನು ಕಷ್ಟವಾಯಿತು, ಕೈ ಮೊದಲಿನ ಹಾಗೆ ಓಡುವುದಿಲ್ಲ ಎಂದು ಬಿಟ್ಟ. ಮತ್ತೊಂದರ ಮಧ್ಯೆ ಜ್ವರ ಬಂದು ಮಲಗಿ ಎದ್ದಾಗ ಯಾವ ಗುಂಡಿ ಒತ್ತಿದರೆ ಕತ್ತಿ, ಯಾವುದು ಒತ್ತಿದರೆ ಗುರಾಣಿ ಎಂಬುದೇ ಮರೆತುಹೋಗಿತ್ತು. ಪಾತ್ರಗಳೆಲ್ಲ ತನ್ನನ್ನು ಹಳೆಯ ಪರಿಚಯದವನಂತೆ ಮಾತಾಡಿಸುತ್ತಿದ್ದವು, ಅವನಿಗೆ ಒಬ್ಬರ ಗುರುತೂ ಹತ್ತಲಿಲ್ಲ, ಮದುವೆಮನೆಯಲ್ಲಿ ಸಿಕ್ಕಿಬಿದ್ದವನಂತೆ ಹೂಂ ಹೂಂ ಎಂದು ಹಲ್ಲುಕಿರಿದು ಹೊರಬಂದುಬಿಟ್ಟ. ಇವೆಲ್ಲ ಸುಳ್ಳಲ್ಲ. ಆದರೆ ಇವೆಲ್ಲ ಬೇರೆಯವರ ಕಾರಣಗಳು, ಎರವಲು ತಂದವು. ಈ ಹಲ್ಲಿನ ಕೋಣೆಯಲ್ಲೇ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಪಾಲಿಶ್ ಹೆಂಗಸು ಒಮ್ಮೆ ಹೇಳಿದ್ದಳು: "ನಾನೂ ಫೋನಲ್ಲಿ ತೋಟದ ಆಟ ಆಡ್ತಿದ್ದೆ ಸಾರ್. ಮೊದಮೊದಲು ಏನ್ ಮಜಾ! ಆಮೇಲೆ ಅದೇ ನಂಗೆ ಕೆಲಸ ಹೇಳೋಕೆ ಶುರು ಮಾಡ್ತು. ನೀರು ಹಾಕು, ಕಳೆ ಕೀಳು, ಯಾಕೆ ನೆನ್ನೆ ಬರ್ಲಿಲ್ಲ ಅಂತ. ಮನೇಲಿ ಅತ್ತೆ ಇರೋದು ಸಾಲ್ದಾ? ಕಿತ್ತು ಬಿಸಾಕ್ದೆ." ಅವನು ನಗುನಗುತ್ತ ಅದನ್ನೇ ಮನೆಗೆ ಒಯ್ದು ತನ್ನ ಕಾರಣವೆಂದು ಹೆಂಡತಿಯ ಮುಂದೆ ಒಪ್ಪಿಸಿದ್ದ, ಅತ್ತೆಯ ಮಾತೊಂದನ್ನು ಬಿಟ್ಟು.

ಬಾಮೈದ ಮಾತ್ರ ಯಾವ ಕಾರಣಕ್ಕೂ ಬಗ್ಗುವವನಲ್ಲ. ಆ ಆಟದ ಯಂತ್ರವನ್ನು ಮನೆಗೆ ತಂದುಕೊಟ್ಟವನೇ ಅವನು. ತಾನು ಹೊಸದು ಕೊಂಡಾಗ ಹಳೆಯದನ್ನು ಅಕ್ಕನ ಮನೆಗೆ ಸಾಗಿಸಿದ್ದ. ಯಾವ ಆಟವನ್ನೂ ನೂರಕ್ಕೆ ನೂರು ಮುಗಿಸದೆ ಬಿಡುವ ಜಾತಿಯಲ್ಲ. ಹೋದ ತಿಂಗಳು ಊಟಕ್ಕೆ ಬಂದಿದ್ದಾಗ ಖಾನೆ ತೆರೆದು ಒಂದೊಂದೇ ಹಾಕಿ ನೋಡಿ, ತಟ್ಟೆಯ ಮುಂದೆ ಎಲ್ಲರೆದುರು, "ಬಾವ, ನೀವು ಮುಕ್ಕಾಲು ಬಾವ. ಎಲ್ಲಾ ಮುಕ್ಕಾಲಿಗೆ ನಿಲ್ಲಿಸಿದ್ದೀರಲ್ಲ, ಉಳಿದ ಕಾಲು ಯಾರಿಗಿಟ್ಟಿದ್ದೀರಿ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾದಿನಿಯರು ನಕ್ಕರು. ಅವನೂ ನಕ್ಕ. ನಗದೆ ಇದ್ದವಳು ಹೆಂಡತಿ ಒಬ್ಬಳೇ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ತಲೆ ತಗ್ಗಿಸಿದ್ದಳು. ತನ್ನ ಮಾನ ಹೋದದ್ದಕ್ಕೆ ಅವಳಿಗೆ ನಾಚಿಕೆಯಾಗಿದೆ ಎಂದು ಆಗ ತಿಳಿದಿದ್ದ. ಈಗ, ಮೇಣದ ಒಸಡಿನ ಅಂಚನ್ನು ಕೆರೆಯುತ್ತಿರುವಾಗ, ಅವಳು ಆ ಕಾಲುಭಾಗವನ್ನು ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದಳು ಎಂದು ಹೊಳೆಯಿತು. ತನ್ನ ಮೇಲೆ ತನಗೇ ಸಿಟ್ಟು ಬಂತು. ಎಂಥ ಕತ್ತೆ ನಾನು ಎಂದುಕೊಂಡ. ಅವಳು ಪಕ್ಕದಿಂದ ಏಳಬಾರದೆಂದು ಬಿಟ್ಟ ಆಟಗಳೇ ಅವಳನ್ನು ಪಕ್ಕದಿಂದ ಎಬ್ಬಿಸಿದ್ದವು.

ಏಕೆಂದರೆ ನಿಜವಾದ ಕಾರಣ ಅದೇ. ಮೊಟ್ಟಮೊದಲ ಆಟವನ್ನು ಅವನು ಮುಗಿಸಿದ್ದ. ಅದು ಬಾಮೈದನ ಲೆಕ್ಕಕ್ಕೆ ಸಿಕ್ಕಿರಲಿಲ್ಲ, ಯಾರಿಗೋ ಕೊಟ್ಟು ವಾಪಸು ಬಂದಿರಲಿಲ್ಲ. ಕೊನೆಯ ಬಾಗಿಲು ತೆರೆದು, ಪರದೆ ಕಪ್ಪಾಗಿ, ಮಾಡಿದವರ ಹೆಸರುಗಳು ಮೇಲೇರತೊಡಗಿದ ಕೂಡಲೇ ಅವಳು "ಸರಿ, ಆಯ್ತಲ್ಲ," ಎಂದು ಸಿಪ್ಪೆಯ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಆಮೇಲೆ ಎಷ್ಟೋ ದಿನ ಸೋಫಾದ ಬಲಗಡೆ ಖಾಲಿ. ಅವಳು ಪಕ್ಕದ ಮನೆಯವರ ಜೊತೆ ಧಾರಾವಾಹಿ ನೋಡಲು ಹೋಗುತ್ತಿದ್ದಳು, ಅವನು ಬರಿದೆ ವಾರ್ತೆ ನೋಡುತ್ತಿದ್ದ. ಮುಂದಿನ ಆಟ ಸಿಕ್ಕಿ, ಅದರ ಸಂಗೀತ ಕೇಳಿ ಅವಳು ತಾನಾಗಿ ಬಂದು ಕೂರುವವರೆಗೆ ಹೀಗೇ. ಅಂದಿನಿಂದ ಅವನ ಕೈ ಕೊನೆಯ ಬಾಗಿಲ ಹತ್ತಿರ ಬಂದರೆ ಹಿಂದೆಗೆಯುತ್ತದೆ. ಕೊನೆ ಹತ್ತಿರವಾಗುತ್ತಿದ್ದಂತೆ ಬೇಡದ ಕೆಲಸಗಳನ್ನು ಹುಡುಕಿ ಅಲೆಯುತ್ತಾನೆ, ಅಲೆದಾಟವೂ ತೀರಿದಾಗ ಬೇಜಾರು ಎಂದು ನಟಿಸಿ ಮರುದಿನವೇ ಹೊಸದು ಹಾಕುತ್ತಾನೆ. ನಡುವೆ ಒಂದು ಸಂಜೆಯೂ ಖಾಲಿ ಬೀಳಬಾರದು. ಈ ಕೋಣೆಯಲ್ಲಾದರೋ ಅವನು ಮುಗಿಸದೆ ಬಿಟ್ಟ ಕೆಲಸವಿಲ್ಲ. ಗುಲಾಬಿ ಒಸಡಿನ ಸೆಟ್ಟು ಫಳಫಳ ಹೊಳೆದು ಡಬ್ಬಿ ಸೇರಿ ಹೊರಟುಹೋಗುತ್ತದೆ, ಅವನಿಗೆ ಒಂದಿಷ್ಟೂ ಬೇಸರವಿಲ್ಲ. ಒಮ್ಮೆ ಬಸ್ಸಿನಲ್ಲಿ ಎದುರಿನ ಸೀಟಿನವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಗ ತನ್ನ ಕೈಯಿಂದಾದ ಹಲ್ಲುಗಳನ್ನು ಗುರುತು ಹಿಡಿದು, ಇಳಿಯುವ ನಿಲ್ದಾಣ ದಾಟಿದರೂ ನೋಡುತ್ತ ಕೂತಿದ್ದ. ಅಂಥ ಖುಷಿ ಅವನಿಗೆ ಗೊತ್ತಿಲ್ಲದ್ದೇನಲ್ಲ.

ಶನಿವಾರ ಅರ್ಧ ದಿನ. ಮೇಣದ ಸೆಟ್ಟನ್ನು ಕ್ಲಿನಿಕ್ಕಿನ ಡಬ್ಬಿಯಲ್ಲಿಟ್ಟು, ಏಪ್ರನ್ ಕೊಡವಿ ಹೊರಟ. ರಸ್ತೆಯಲ್ಲಿ ಬಿಸಿಲು ಹಿತವಾಗಿತ್ತು. ಹಣ್ಣಿನ ಗಾಡಿ, ಬೀಗದ ಅಂಗಡಿ, ಗಾಜಿನ ಹಿಂದೆ ಒಂದೇ ಚಿತ್ರ ತೋರಿಸುತ್ತಿದ್ದ ಸಾಲು ಟಿವಿಗಳು, ಎಲ್ಲವೂ ಇದ್ದಲ್ಲೇ ಇದ್ದವು. ಏನೂ ಕೆಟ್ಟದ್ದಾಗಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅವಳಿಗೆ ತನ್ನ ಮೇಲೆ ಮುನಿಸಿಲ್ಲ, ಕನಿಕರ. ಕನಿಕರವನ್ನು ಹೇಗೆ ಇಳಿಸುವುದು? ಹೋಗಿ ನೇರವಾಗಿ, ಕೂತ್ಕೋ, ಎಂದರೆ ಆಯಿತು. ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಇವತ್ತು ಹೇಳಹೊರಟರೆ ಮಾತು ಎಲ್ಲಿ ಹೋಗಿ ನಿಲ್ಲುತ್ತದೋ, ಕಣ್ಣಲ್ಲಿ ನೀರೇ ಬಂದುಬಿಟ್ಟರೆ? ಛೆ, ಛೆ. ಮೆಟ್ಟಿಲು ಹತ್ತುವಾಗ ಇಷ್ಟೇ ನಿರ್ಧಾರ ಮಾಡಿದ: ಮಾತಾಡುವುದಿಲ್ಲ, ಆಟ ಹಾಕುತ್ತೇನೆ, ಸಂಗೀತ ಕೇಳಿ ಬಂದೇ ಬರುತ್ತಾಳೆ.

ಬರಲಿಲ್ಲ. ಊಟವಾದ ಮೇಲೆ, "ನೀವು ಆಡಿ, ನಂಗೆ ಇಸ್ತ್ರಿ ರಾಶಿ ಬಿದ್ದಿದೆ," ಎಂದು ಮಲಗುವ ಕೋಣೆಗೆ ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡಳು. ಈಗಿನ ಆಟ ಒಬ್ಬ ದೋಣಿ ನಡೆಸುವ ಹೆಂಗಸಿನದು. ಪ್ರವಾಹದಲ್ಲಿ ಊರು ದ್ವೀಪ ದ್ವೀಪವಾಗಿ ಒಡೆದುಹೋಗಿದೆ. ಇವಳು ಜನರನ್ನು, ಮೇಕೆಗಳನ್ನು, ಒಮ್ಮೆ ಒಂದು ಹಳೇ ಪಿಯಾನೋವನ್ನೂ ದಾಟಿಸುತ್ತ, ಕೊಚ್ಚಿಹೋದ ತನ್ನ ಅಕ್ಕನನ್ನು ಹುಡುಕುತ್ತಿದ್ದಾಳೆ. ಇನ್ನು ಉಳಿದದ್ದು ಒಂದೇ ದ್ವೀಪ. ಎದುರಿಗೇ ಕಾಣುತ್ತದೆ, ಮಂಜಿನಲ್ಲಿ ಒಂದು ದೀಪ. ನೇರ ಹೊರಟರೆ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ತಲುಪಬಹುದು. ವಾರದಿಂದ ಅವನು ಅದರ ಈಚೆಗೇ ಸುತ್ತುತ್ತಿದ್ದ: ಮೀನು ಹಿಡಿದ, ದೋಣಿಗೆ ಬಣ್ಣ ಬಳಿದ, ದಾಟಿಸಿದ ಮೇಕೆಗಳ ಯೋಗಕ್ಷೇಮ ವಿಚಾರಿಸಿ ಬಂದ.

ಒಬ್ಬನೇ ಆಡುವುದು ಇಷ್ಟು ನೀರಸ ಎಂದು ಗೊತ್ತಿರಲಿಲ್ಲ. ನೀರು ಬರೀ ನೀರಾಗಿತ್ತು. "ಏಯ್, ಆ ಕುಂಟ ಮೇಕೆನ ಯಾವ ದ್ವೀಪದಲ್ಲಿ ಇಳಿಸಿದ್ವಿ?" ಎಂದು ಕೂಗಿದ. ಒಳಗೆ ಇಸ್ತ್ರಿಪೆಟ್ಟಿಗೆ ಸುಸ್ಸೆಂದಿತು. "ಗೊತ್ತಿಲ್ಲಪ್ಪ," ಎಂದಳು. ಗೊತ್ತಿಲ್ಲವಂತೆ! ಅದಕ್ಕೆ ಹೆಸರಿಟ್ಟವಳೇ ಅವಳು. ಆ ಸುಳ್ಳನ್ನು ಅವಳು ಎಷ್ಟು ಕಷ್ಟಪಟ್ಟು ಹೇಳಿರಬೇಕು! ಮತ್ತೆ ಕೇಳಲು ಧೈರ್ಯ ಸಾಲದೆ, ದೋಣಿಯನ್ನು ತಿರುಗಿಸಿ ನೆಟ್ಟಗೆ ಬಂಡೆಗೆ ಗುದ್ದಿದ. ಧಡಾರ್ ಎಂದು ಸದ್ದಾಯಿತು, ನೀರು ನುಗ್ಗುವ ಗುಳುಗುಳು. ಇಸ್ತ್ರಿಪೆಟ್ಟಿಗೆಯ ಸುಸ್ಸು ನಿಂತಿತು. ಮತ್ತೆ ದಡದಿಂದ ಹೊರಟು ಮತ್ತೆ ಅದೇ ಬಂಡೆಗೆ ಗುದ್ದಿದ. "ಮುಳುಗ್ತಾ?" ಎಂದು ಸಣ್ಣ ದನಿ ಬಂತು. "ಮುಳುಗ್ತು," ಎಂದ. ಇನ್ನೊಮ್ಮೆ ಗುದ್ದಿದ.

ಅವನ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಅವಳು ಬಾಗಿಲಿಗೆ ಬಂದಳು. "ಏನ್ರೀ, ಬೇಕು ಬೇಕಂತಲೇ ಗುದ್ದುತ್ತಾ ಇದ್ದೀರಾ?"

"ಇಲ್ಲ, ದಾರಿ ಸಿಗ್ತಿಲ್ಲ."

"ದೀಪ ಕಣ್ಣೆದುರಿಗೇ ಇದೆ. ನನ್ನ ಹತ್ರ ಆಟ ಆಡ್ಬೇಡಿ."

ಅವನು ಗುಂಡಿಗಳ ಮೇಲಿನಿಂದ ಕೈ ತೆಗೆದ. "ಬೆಳಿಗ್ಗೆ ನೀನು ಅಕ್ಕಂಗೆ ಹೇಳಿದ್ದು ಕೇಳಿಸ್ಕೊಂಡೆ," ಎಂದ. ಅವಳ ಮುಖ ಕೆಂಪಾಯಿತು. ಅಂಗಿಯನ್ನು ಸುಮ್ಮನೆ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಹೇಳಿದ್ದು ನಿಜ ತಾನೇ? ನನ್ನ ಕಾಟಕ್ಕೇ ಬಿಟ್ಟುಬಿಡ್ತೀರಿ. ಮುಖದ ಮೇಲೆ ಹೇಳಿದ್ರೆ ನಾನೇನು ಗೋಳೋ ಅಂತ ಅಳ್ತಿದ್ನಾ? ನಿಮಗೇನ್ರೀ, ಬಿಟ್ಟು ಹೊಸದು ಹಾಕ್ಕೋತೀರಿ. ನಾನು? ಆ ಗಡಿಯಾರದ ಊರಿನ ಹುಡುಗಿ ಏನಾದ್ಲೋ, ಆ ಗಣಿಯೊಳಗೆ ಸಿಕ್ಕಿಬಿದ್ದ ಅಣ್ಣತಮ್ಮ ಏನಾದ್ರೋ, ಒಬ್ಬರದ್ದೂ ಗೊತ್ತಾಗ್ಲಿಲ್ಲ. ಅಕ್ಕ ಫೋನ್ ಮಾಡಿ ಕೇಳ್ತಾಳೆ, ನಾನೇ ಏನೋ ಕಟ್ಟಿ ಹೇಳ್ತೀನಿ. ಗಣಿಯವರನ್ನ ನಾನೇ ಹೊರಗೆ ತಂದೆ. ಹುಡುಗಿಗೆ ಮದುವೆ ಮಾಡ್ಸಿದೆ. ಎಷ್ಟು ಜನರ ಸಂಸಾರ ಅಂತ ನಾನೊಬ್ಬಳೇ ದಡ ಸೇರಿಸ್ಲಿ?"

ಅವನಿಗೆ ನಗು ಬಂತು, ನಗುವ ಹೊತ್ತಲ್ಲವೆಂದು ತುಟಿ ಕಚ್ಚಿದ. ಇಷ್ಟು ದಿನ ತನ್ನ ಸಂಜೆಗಳನ್ನು ಉಳಿಸಿಕೊಳ್ಳಲು ಅವಳ ಕತೆಗಳನ್ನೆಲ್ಲ ನಡುನೀರಿನಲ್ಲಿ ಕೈಬಿಟ್ಟಿದ್ದ. ಅದು ಅವನಿಗೆ ತೋಚಿಯೇ ಇರಲಿಲ್ಲ. ಹೇಳದೆ ವಿಧಿಯಿರಲಿಲ್ಲ, ಟಿವಿಯ ಕಡೆಗೇ ಮುಖ ಮಾಡಿ, ಯಾರಿಗೋ ಹೇಳುವವನಂತೆ ಹೇಳಿದ: "ಮೊದಲನೇದು ಮುಗಿದ ದಿನ ನೀನು ಆಯ್ತಲ್ಲ ಅಂತ ಎದ್ದು ಹೋದೆ. ಆಮೇಲೆ ಬರ್ಲೇ ಇಲ್ಲ. ಮುಗಿದ್ರೆ ನೀನು ಎದ್ದು ಹೋಗ್ತೀಯ. ಅದಕ್ಕೇ ಮುಗಿಸಲ್ಲ."

ಅವಳು ನೆನಪಿಸಿಕೊಳ್ಳಲು ಯತ್ನಿಸುತ್ತಿದ್ದಳು, ನೆನಪಾಗಲಿಲ್ಲವೆಂದು ಮುಖದಲ್ಲೇ ತಿಳಿಯುತ್ತಿತ್ತು. "ಒಲೆ ಮೇಲೆ ಹಾಲಿಟ್ಟಿದ್ನೋ ಏನೋ," ಎಂದಳು. ಆಮೇಲೆ ದನಿ ಏರಿಸಿ, "ಅಲ್ಲಾ ರೀ, ನೀವು ಕರೀಲಿಲ್ಲವಲ್ಲ! ಕರೆದ್ರೆ ತಾನೇ ಬರೋದು? ವಾರ್ತೆ ಹಾಕ್ಕೊಂಡು ಗುಮ್ಮನ ಹಾಗೆ ಕೂತಿರ್ತಿದ್ರಿ. ಒಬ್ಬರೇ ಇರೋಕೆ ಇಷ್ಟ ಅಂದ್ಕೊಂಡು ನಾನು ಪಕ್ಕದ್ಮನೆಗೆ ಹೋಗ್ತಿದ್ದೆ. ಆ ಧಾರಾವಾಹಿ ಯಾವ ದರಿದ್ರ ಅಂತ ಗೊತ್ತಾ ನಿಮಗೆ?" ಎಂದಳು. ಅಂಗಿಯನ್ನು ಅವನ ಮೇಲೆ ಎಸೆದು, ಬಲಗಡೆ ಬಂದು ಕಾಲು ಮಡಚಿಕೊಂಡು ಕೂತಳು. "ನಡೀರಿ, ಹೊರಡಿ. ಆ ಅಕ್ಕ ಇದ್ದಾಳೋ ಸತ್ತಿದ್ದಾಳೋ ಇವತ್ತು ಗೊತ್ತಾಗ್ಲೇಬೇಕು. ಬಂಡೆ! ಬಂಡೆ ನೋಡ್ಕೊಳ್ಳಿ! ಎಡಕ್ಕೆ!"

ನೀರು ಮತ್ತೆ ಆಳವಾಯಿತು, ಮಂಜು ಮಂಜಾಯಿತು. ಅಲೆಗಳು ದೋಣಿಯನ್ನು ಎತ್ತಿ ಹಾಕಿದವು, ಹುಟ್ಟು ಮುರಿಯಿತು, ಅವಳು ಅವನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಳು. ದೀಪ ದೊಡ್ಡದಾಯಿತು. ದಡದಲ್ಲಿ ಮುದುಕಿಯೊಬ್ಬಳು ಬಲೆ ಹೊಲಿಯುತ್ತ ಕೂತಿದ್ದಳು. ದೋಣಿಯವಳು ಮೊಣಕಾಲುದ್ದದ ನೀರಿನಲ್ಲಿ ಇಳಿದು ನಡೆದಳು. ಮುದುಕಿ ತಲೆಯೆತ್ತಿ ಒಂದು ಮಾತಾಡಿದಳು. "ಏನಂದ್ಲು? ಏನಂದ್ಲು ರೀ?" ಎಂದು ಹೆಂಡತಿ ಅವನನ್ನು ಅಲುಗಿಸಿದಳು. ಪರದೆಯ ಕೆಳಗೆ ಮೂಡಿದ ಸಾಲನ್ನು ಅವನು ಓದಿದ: "ಇಷ್ಟು ಹೊತ್ತಾ ಬರೋದು? ಕೈಕಾಲು ತೊಳ್ಕೊಂಡು ಬಾ." ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಗುತ್ತಲೂ ಇದ್ದಳು. ಪರದೆ ಕಪ್ಪಾಯಿತು, ಹೆಸರುಗಳು ಮೇಲೇರತೊಡಗಿದವು.

ಅವಳು ಎದ್ದಳು. ಹೇಳಿದ ಮೇಲೂ ಎದ್ದಳಲ್ಲ ಎಂದುಕೊಂಡ. ಒಳಗಿನಿಂದ, "ಅಕ್ಕಾ, ಸಿಕ್ಕಿದ್ಲು ಕಣೇ! ಬದುಕಿದ್ದಾಳೆ! ಇಲ್ಲ ಇಲ್ಲ, ಇದು ನಾನು ಕಟ್ಟಿದ್ದಲ್ಲ, ನಿಜವಾಗ್ಲೂ!" ಎಂಬ ಕೂಗು ಕೇಳಿಸಿತು. ಹೆಸರುಗಳು ಇನ್ನೂ ಮುಗಿದಿರಲಿಲ್ಲ, ಅವಳು ವಾಪಸು ಬಂದು ಅವನ ಭುಜ ತಳ್ಳಿದಳು. "ಆ ಕಡೆ ಸರೀರಿ. ಮೊದಲಿಂದ ಹಾಕಿ. ಈ ಸಲ ನಾನು ಆಡ್ತೀನಿ, ನೀವು ಬಾಯಿ ಹಾಕಿ."

ಅವನು ಬಲಗಡೆ ಸರಿದು ಕೂತ. ಅಲ್ಲಿ ಅವನು ಎಂದೂ ಕೂತಿರಲಿಲ್ಲ. ಸಂಜೆ ಬಿಸಿಲು ಬಾಲ್ಕನಿಯಿಂದ ಓರೆಯಾಗಿ ಬಂದು ಪರದೆಯ ಕೆಳಗಿನ ಅರ್ಧವನ್ನು ಬೆಳ್ಳಗೆ ನುಂಗಿತ್ತು. ಆಕಾಶ, ತಲೆಗಳು, ಮರದ ತುದಿಗಳು ಕಂಡವು, ಮಾತು ಮೂಡುವ ಜಾಗದಲ್ಲಿ ಬರೀ ಬೆಳಕು. ಕತ್ತನ್ನು ಹೀಗೆ ಬಾಗಿಸಿದ, ಹಾಗೆ ಬಾಗಿಸಿದ. ಒಂದಕ್ಷರ ಕಾಣಲಿಲ್ಲ. ಇಷ್ಟು ಸಂಜೆಗಳು, ಅಷ್ಟು ಆಟಗಳು, ಒಬ್ಬರ ಮಾತನ್ನೂ ಓದಲಾಗದೆ ಇವಳು ಏನನ್ನು ನೋಡುತ್ತ ಕೂತಿದ್ದಳು ಎಂದು ಕೇಳಬೇಕೆನಿಸಿತು. ಕೇಳದೆ, ಬಾಲ್ಕನಿಯ ಪರದೆ ಎಳೆಯಲು ಎದ್ದ. ದೋಣಿ ಆಗಲೇ ಮೊದಲ ತಿರುವಿನಲ್ಲಿ ಅಡ್ಡಾದಿಡ್ಡಿ ಓಲಾಡುತ್ತಿತ್ತು. ಅವಳು ಟಿವಿಯಿಂದ ಕಣ್ಣು ತೆಗೆಯದೆಯೇ ಒಂದು ಕೈ ಬಿಡಿಸಿಕೊಂಡು ಅವನ ಅಂಗಿಯ ಚುಂಗು ಹಿಡಿದು ಜಗ್ಗಿದಳು.

"ಎದ್ದು ಹೋಗ್ಬೇಡಿ ರೀ," ಎಂದಳು. "ಇಲ್ಲೇ ಕೂತ್ಕೊಳ್ಳಿ."

ಅವನು ಕೂತ. "ಎಡಕ್ಕೆ," ಎಂದ, ಏನೂ ಕಾಣದಿದ್ದರೂ.